ಬೇಲಿಯ ಪಕ್ಕದ ಚುಕ್ಕಿ

ಅತ್ತಿಗೆ ಮೊದಲ ಸಲ ನಾದಿನಿಯನ್ನು ಕಂಡಾಗ ನಾದಿನಿ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಮದುವೆಯಾದ ಮಾರನೆಯ ದಿನ ಬೆಳಗ್ಗೆ ಅದು. ಗಂಡನ ಜೊತೆ ಬಸ್ಸಿಳಿದು, ತಗಡಿನ ಟ್ರಂಕನ್ನು ಒಂದು ಕಡೆ ಅವನು, ಇನ್ನೊಂದು ಕಡೆ ತಾನು ಹಿಡಿದು, ಊರಾಚೆಯ ನೀರು ಸರಬರಾಜು ಕೇಂದ್ರದ ಕಬ್ಬಿಣದ ಗೇಟು ದಾಟಿ ಒಳಗೆ ಬಂದಿದ್ದಳು. ರಾತ್ರಿ ಮಳೆ ಬಿದ್ದು ನೆಲ ಚಪ್ಪಲಿಗೆ ಅಂಟುತ್ತಿತ್ತು. ಎಡಕ್ಕೆ ಪಂಪ್‌ಹೌಸು, ಒಳಗಿನಿಂದ ಮೋಟಾರಿನ ಗುಂಯ್ ಎನ್ನುವ ಸದ್ದು. ಬಲಕ್ಕೆ ಎತ್ತರದ ಕಂಬಗಳ ಮೇಲೆ ಊರಿಗೆಲ್ಲ ನೀರು ಕೊಡುವ ಟ್ಯಾಂಕು, ಅದರ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸು. ನಡುವಿನ ಬಯಲಿನಲ್ಲಿ ಮೊಣಕಾಲೆತ್ತರದ ತಗಡಿನ ಡಬ್ಬವೊಂದು ನೆಲಕ್ಕೆ ಹೂತು ನಿಂತಿತ್ತು. ಅದರ ಮುಂದೆ ಒಬ್ಬ ಹುಡುಗಿ ಮಂಡಿಯೂರಿ ಕುಳಿತಿದ್ದಳು. ಎರಡು ಜಡೆಯಲ್ಲಿ ಒಂದು ಬಿಚ್ಚಿಹೋಗಿತ್ತು. ಶಾಲೆಯ ಲಂಗದ ಅಂಚು ಕೆಸರಲ್ಲಿತ್ತು. ಮೈಮೇಲೆ ಅಳತೆಯ ಗೆರೆಗಳಿದ್ದ ಉದ್ದನೆಯ ಗಾಜಿನ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಬಿಗಿ ಹಿಡಿದು ನೋಡುತ್ತಿದ್ದಳು.

"ಪುಟ್ಟಿ, ಅತ್ತಿಗೆ ಬಂದ್ರು ನೋಡು," ಎಂದ ಗಂಡ.

"ಮಾತಾಡಿಸ್ಬೇಡ ಅಣ್ಣ. ನೀರು ಅಲ್ಲಾಡುತ್ತೆ."

ಹೊಸ ಮದುವಣಗಿತ್ತಿ ಟ್ರಂಕು ಹಿಡಿದೇ ನಿಂತಳು. ಕೈ ನೋಯುತ್ತಿತ್ತು. ಕೆಳಗಿಡೋಣ ಎಂದರೆ ಕೆಸರು. ಗಂಡನಾದರೂ ಏನಾದರೂ ಹೇಳಿಯಾನು ಎಂದು ನೋಡಿದರೆ, ಅವನೂ ಕತ್ತು ಉದ್ದ ಮಾಡಿ ಅದೇ ಲೋಟವನ್ನು ದಿಟ್ಟಿಸುತ್ತಿದ್ದ. ಕಡೆಗೆ ಹುಡುಗಿ ಒಂದು ಅಂಕಿ ಹೇಳಿದಳು, ಅಣ್ಣ ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡ, ಅವಳು ಲೋಟದ ನೀರನ್ನು ನೆಲಕ್ಕೆ ಸುರಿದಳು. ಆಮೇಲೆ ಎದ್ದು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅತ್ತಿಗೆಯನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನಿಮ್ಮೂರಲ್ಲೂ ನಿನ್ನೆ ಮಳೆ ಬಂತಾ?"

"ಬಂತಮ್ಮ."

"ಎಷ್ಟು?"

"ಎಷ್ಟು ಅಂದ್ರೆ? ಚೆನ್ನಾಗೇ ಬಂತು."

ಎಂಥವಳನ್ನು ಕಟ್ಟಿಕೊಂಡು ಬಂದೆಯಪ್ಪಾ ಎನ್ನುವಂತೆ ಹುಡುಗಿ ಅಣ್ಣನ ಮುಖ ನೋಡಿದಳು. ಅತ್ತಿಗೆಗೆ ಅವತ್ತೇ ಒಂದು ವಿಷಯ ತಿಳಿದುಹೋಯಿತು. ಈ ಮನೆಯಲ್ಲಿ ಇರುವುದು ಮೂರು ಜನವಲ್ಲ, ನಾಲ್ಕು: ಗಂಡ, ನಾದಿನಿ, ತಾನು, ಮತ್ತು ಆ ಡಬ್ಬ.

ಗಂಡ ಪಂಪು ನಡೆಸುವವನು. ಹವಾಮಾನ ಇಲಾಖೆಯವರು ಊರಿಗೊಂದು ಮಳೆಮಾಪಕ ಇಡಲು ಜಾಗ ಹುಡುಕಿಕೊಂಡು ಬಂದಾಗ, ದಿನಾ ಬೆಳಗ್ಗೆ ಅದೇ ಹೊತ್ತಿಗೆ ನೀರು ಅಳೆದು ಕಳಿಸುವ ಉಸಾಬರಿ ಯಾರಿಗೂ ಬೇಡವಾಗಿತ್ತು. ಇವನು ತಾನಾಗಿ ಮೈಮೇಲೆ ಎಳೆದುಕೊಂಡಿದ್ದ. ಅವನ ಮದುವೆಯ ದಿನ ಅಳತೆ ತಪ್ಪದಿರಲೆಂದು ತಂಗಿ ಮದುವೆಗೂ ಬರದೆ ಇಲ್ಲೇ ಉಳಿದಿದ್ದಳು. ಜ್ವರ ಬಂದು ಕಂಬಳಿ ಹೊದ್ದವನು ಕಂಬಳಿ ಸಮೇತ ಎದ್ದು ಹೋಗಿ ಅಳೆದುಬರುತ್ತಿದ್ದ. ಮಗಳು ಹುಟ್ಟಿದ ಬೆಳಗ್ಗೆ ಆಸ್ಪತ್ರೆಯಿಂದ ಸೈಕಲ್ಲಿನಲ್ಲಿ ಓಡಿ ಬಂದು, ಅಳೆದು, ಮತ್ತೆ ಓಡಿಹೋಗಿ ಮಗುವಿನ ಮುಖ ನೋಡಿದ್ದ. ಊರಿನವರು ಅವನಿಗೆ 'ಮಿಲಿಮೀಟರ್' ಎಂದೇ ಹೆಸರಿಟ್ಟಿದ್ದರು. ಕ್ಷೌರದ ಅಂಗಡಿಗೆ ಹೋದರೆ, "ಬಾರಪ್ಪ ಮಿಲಿಮೀಟರ್, ಇವತ್ತು ಎಷ್ಟು ಮಿಲಿ ತೆಗೀಲಿ?" ಎಂದು ಕತ್ತರಿ ಆಡಿಸುತ್ತಿದ್ದ ಅಂಗಡಿಯವನು.

ತಂದೆ ತಾಯಿ ಇಲ್ಲದ ತಂಗಿಯನ್ನು ಅವನೇ ಸಾಕಿದ್ದ. ತಂಗಿಯೂ ಅಣ್ಣನ ಅಚ್ಚೇ. ಒಂದು ಕೆಲಸಕ್ಕೆ ಕೈ ಹಾಕಿದಳೆಂದರೆ ಊಟ ತಣ್ಣಗಾಗುತ್ತದೆ ಎಂದು ಅತ್ತಿಗೆ ಗಂಟಲು ಹರಿದುಕೊಂಡರೂ ಏಳುತ್ತಿರಲಿಲ್ಲ. ಗಣಿತದಲ್ಲಿ ಒಂದು ಲೆಕ್ಕ ಬರದಿದ್ದರೆ ಊಟವನ್ನೇ ಬಿಟ್ಟು ಕೂರುವಳು. "ಲೆಕ್ಕ ಎಲ್ಲಿಗೂ ಓಡಿಹೋಗಲ್ಲ ಕಣೆ, ತಿಂದು ಮಾಡು," ಎಂದರೆ, "ಅದು ಓಡಿಹೋಗಲ್ಲ ಅತ್ತಿಗೆ, ನಾನು ಓಡಿಹೋಗಿಬಿಡ್ತೀನಿ ಅಂತ ಭಯ," ಎನ್ನುವಳು.

ಬೇಲಿ ಬಂದದ್ದು ಒಂದು ಆಡಿನ ದೆಸೆಯಿಂದ. ಮಗಳು ಆಗಷ್ಟೇ ಹೆಜ್ಜೆ ಇಡುತ್ತಿದ್ದ ಕಾಲ. ಒಂದು ಬೆಳಗ್ಗೆ ಪಕ್ಕದ ಮನೆಯ ಆಡು ಗೇಟಿನ ಸಂದಿಯಿಂದ ನುಗ್ಗಿ, ಡಬ್ಬವನ್ನು ಕೊಂಬಿನಿಂದ ತಿವಿದು ಓರೆ ಮಾಡಿಹಾಕಿತ್ತು. ಮಿಲಿಮೀಟರ್ ಒಳಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರಿಗೇನಾಯಿತೋ ಎಂದು ಅತ್ತಿಗೆ ಮಗುವನ್ನು ಎತ್ತಿಕೊಂಡು ಓಡಿಬಂದಿದ್ದಳು. "ಇವತ್ತಿನ ಮಳೆ ಹೋಯ್ತು," ಎಂದ ಅವನು. ಅಷ್ಟೇ. ಗೋಡೆಗೆ ಒರಗಿ ಕುಳಿತ.

ಅತ್ತಿಗೆಗೆ ನಗು ಬಂದಿತ್ತು, ಪಾಪ ಎಂದೂ ಅನಿಸಿತ್ತು. ಆ ವಾರವೇ ಎಲ್ಲಿಂದಲೋ ದಾಸವಾಳದ ಕಡ್ಡಿಗಳನ್ನು ತಂದು, ಡಬ್ಬದ ಮೂರು ಕಡೆ ಸಾಲಾಗಿ ನೆಟ್ಟಳು. ನಾಲ್ಕನೆಯ ಕಡೆ ಗಂಡನಿಗೆ ಓಡಾಡಲು ಬಿದಿರಿನ ಸಣ್ಣ ತಡಿಕೆ. ಪಂಪಿನ ಸೋರುವ ನೀರು ಹೇಗೂ ಹರಿಯುತ್ತಿತ್ತು, ಅದನ್ನೇ ಅತ್ತ ತಿರುಗಿಸಿದಳು. ಗಿಡ ಚಿಗುರಿತು. ಇಲಾಖೆಯಿಂದ ತಪಾಸಣೆಗೆಂದು ಒಬ್ಬರು ಬಂದಾಗ ಅದು ಇನ್ನೂ ಮೊಣಕಾಲಿಗೂ ಬಂದಿರಲಿಲ್ಲ. "ಅಚ್ಚುಕಟ್ಟಾಗಿ ಇಟ್ಕೊಂಡಿದೀರಿ," ಎಂದು ಚಹಾ ಕುಡಿದು ಹೋದರು. ಆಮೇಲೆ ತಪಾಸಣೆಗೆ ಯಾರೂ ಬರಲಿಲ್ಲ. ಬೇಲಿ ತನ್ನ ಪಾಡಿಗೆ ಬೆಳೆಯಿತು. ಆ ಮನೆಯ ಅಂದ ಎಂದರೆ ಅದೇ. ಮಗಳು ಪ್ರತಿ ವರ್ಷ ಶಾಲೆ ಶುರುವಾಗುವ ದಿನ ಹೊಸ ಸಮವಸ್ತ್ರ ಹಾಕಿಕೊಂಡು ಬೇಲಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಳು. ಅದೇ ದಿನ ಮಿಲಿಮೀಟರ್ ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು, ಗೆರೆ ಎಳೆದು ಎತ್ತರ ಬರೆಯುವನು. "ಹಿಮ್ಮಡಿ ಎತ್ತಬೇಡ, ಮೋಸ ಬೇಡ," ಎನ್ನುವನು ಮಗುವಿಗೆ.

ಅಷ್ಟರಲ್ಲಿ ನಾದಿನಿ ಓದಿ ಮುಗಿಸಿದ್ದಳು. ಆ ವಂಶದಲ್ಲಿ ಪದವಿ ಎಂದು ಪಡೆದವಳು ಅವಳೇ ಮೊದಲು. ಪರೀಕ್ಷೆ ಮೇಲೆ ಪರೀಕ್ಷೆ ಬರೆದು, ಎರಡು ಸಲ ತಪ್ಪಿಹೋಗಿ, ಮೂರನೆಯ ಸಲಕ್ಕೆ ಹವಾಮಾನ ಇಲಾಖೆಯ ನಕ್ಷೆ ವಿಭಾಗಕ್ಕೇ ಸೇರಿಕೊಂಡಳು. ಬೇರೆ ಕಡೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತ್ತು, ಹೋಗಲಿಲ್ಲ. ನಾನಾ ಊರುಗಳ ಡಬ್ಬಗಳಿಂದ ಬರುವ ಅಂಕಿಗಳನ್ನು ಹತ್ತು ವರ್ಷಕ್ಕೊಮ್ಮೆ ಹಿಂದಿನ ಮೂವತ್ತು ವರ್ಷದ ಸರಾಸರಿ ತೆಗೆದು, ಪ್ರತಿ ಊರಿಗೂ ಒಂದು ಚುಕ್ಕಿ ಇಟ್ಟು, ಒಂದೇ ಅಳತೆಯ ಮಳೆ ಬೀಳುವ ಊರುಗಳನ್ನು ಒಂದೇ ಗೆರೆಯಲ್ಲಿ ಕೂಡಿಸುವುದು ಅವಳ ಕೆಲಸ. ಮಿಲಿಮೀಟರ್‌ಗೆ ಇದಕ್ಕಿಂತ ಹಿಗ್ಗಿನ ಸಂಗತಿ ಇನ್ನೊಂದಿರಲಿಲ್ಲ. ಇಲಾಖೆ ಅಚ್ಚು ಹಾಕಿಸಿದ ಹಳೆಯ ನಕ್ಷೆಯೊಂದನ್ನು ಅವಳು ತಂದುಕೊಟ್ಟಿದ್ದಳು, ಅದು ಪಂಪ್‌ಹೌಸಿನ ಗೋಡೆಯ ಮೇಲೆ ತೂಗುತ್ತಿತ್ತು. ಅದರಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿಯೊಂದನ್ನು ಬಂದವರಿಗೆಲ್ಲ ಬೆರಳಿಟ್ಟು ತೋರಿಸುವನು. "ಇದು ಊರಲ್ಲ ಸ್ವಾಮಿ. ಇದು ನಾನು."

ಅತ್ತಿಗೆಗೆ ಈ ಸರಾಸರಿ ಎಂಬುದು ಬಹಳ ಕಾಲ ತಲೆಗೆ ಹತ್ತಿರಲಿಲ್ಲ. ಒಮ್ಮೆ ರಜಕ್ಕೆ ಬಂದಿದ್ದ ನಾದಿನಿಯನ್ನು ಅಡುಗೆಮನೆಯಲ್ಲಿ ಕೇಳಿಯೇಬಿಟ್ಟಳು.

"ಅಲ್ಲ ಪುಟ್ಟಿ, ಸರಾಸರಿ ಮಳೆ ಸರಾಸರಿ ಮಳೆ ಅಂತೀಯಲ್ಲ, ಅದು ಯಾವ ವರ್ಷ ಬಂತು? ನಾನು ಬಂದಾಗಿಂದ ನೋಡ್ತಿದೀನಿ, ಒಂದು ವರ್ಷ ಹೆಚ್ಚು, ಒಂದು ವರ್ಷ ಕಮ್ಮಿ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಂತು."

"ಅತ್ತಿಗೆ, ದಿನಾ ಎಷ್ಟು ಅಕ್ಕಿ ಹಾಕ್ತೀರಾ?"

"ಮೂರು ಪಾವು."

"ದಿನಾ ಅಷ್ಟೂ ಖಾಲಿ ಆಗುತ್ತಾ?"

"ಎಲ್ಲಿ! ಒಂದಿನ ಉಳಿಯುತ್ತೆ. ಒಂದಿನ ನಿಮ್ಮಣ್ಣ ಯಾರನ್ನಾದ್ರೂ ಕರ್ಕೊಂಡು ಬಂದು ನನಗೇ ಇರಲ್ಲ."

"ಮತ್ತೆ ಮೂರು ಪಾವೇ ಯಾಕೆ ಹಾಕ್ತೀರಾ?"

"ಇಷ್ಟು ವರ್ಷ ಬೇಯಿಸಿದೀನಿ, ಕೈಗೆ ಗೊತ್ತಾಗಲ್ವೇ?"

"ಅದೇ ಸರಾಸರಿ. ನೆಲಕ್ಕೂ ಹಾಗೇ ಕೈ ಕೂತಿರುತ್ತೆ. ಯಾವ ಊರಿಗೆ ಎಷ್ಟು ಅಗಲದ ಚರಂಡಿ ಬೇಕು, ರಸ್ತೆ ಕೆಳಗೆ ಎಷ್ಟು ದೊಡ್ಡ ಮೋರಿ ಬೇಕು ಅಂತ ಎಂಜಿನಿಯರುಗಳು ಈ ಕೈಯಳತೆ ನೋಡೇ ಕಟ್ತಾರೆ. ಅಳತೆ ತಪ್ಪಿದ್ರೆ ಮೋರಿನೂ ತಪ್ಪುತ್ತೆ."

"ಹಾಗೆ ಬಾಯ್ಬಿಟ್ಟು ಹೇಳ್ಬಾರ್ದಾ ಮತ್ತೆ," ಎಂದಳು ಅತ್ತಿಗೆ. ಅವತ್ತಿನಿಂದ ಅವಳಿಗೂ ಆ ಡಬ್ಬದ ಮೇಲೆ ಸ್ವಲ್ಪ ಗೌರವ ಬಂತು. ದಾಸವಾಳಕ್ಕೆ ಇನ್ನೆರಡು ಬುಟ್ಟಿ ಗೊಬ್ಬರ ಹಾಕಿಸಿದಳು.

ಹೀಗೆ ಇರುವಾಗ, ಮಗಳೂ ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸ ಹಿಡಿದ ಮೇಲೆ, ಒಂದು ಭಾನುವಾರ ನಾದಿನಿ ಹೇಳದೆ ಕೇಳದೆ ಬಂದಳು. ಕಂಕುಳಲ್ಲಿ ಸುತ್ತಿದ ನಕ್ಷೆ. ಊಟ ಬಡಿಸಿದರೆ ತಟ್ಟೆಯನ್ನು ನೋಡಲೇ ಇಲ್ಲ. ಅತ್ತಿಗೆಗೆ ಅಲ್ಲೇ ಅನುಮಾನ ಹತ್ತಿತು.

ನಕ್ಷೆಯನ್ನು ನೆಲದ ಮೇಲೆ ಹಾಸಿ ಮೂಲೆಗೊಂದೊಂದು ಲೋಟ ಇಟ್ಟಳು. ಹೊಸ ಮೂವತ್ತು ವರ್ಷದ ಸರಾಸರಿ, ಇನ್ನೂ ಅಚ್ಚಿಗೆ ಹೋಗಿಲ್ಲ ಎಂದಳು. ಮಿಲಿಮೀಟರ್ ಕನ್ನಡಕ ಹಾಕಿಕೊಂಡು ಬಾಗಿದ. ಗೆರೆಗಳೆಲ್ಲ ನದಿಯ ಹಾಗೆ ಒಂದರ ಪಕ್ಕ ಒಂದು ಬಳುಕಿಕೊಂಡು ಹೋಗಿದ್ದವು. ಒಂದು ಕಡೆ ಮಾತ್ರ ಗೆರೆ ತನ್ನನ್ನೇ ಸುತ್ತಿಕೊಂಡು ಸಣ್ಣ ಉಂಗುರವಾಗಿತ್ತು. ಉಂಗುರದ ನಡುವೆ ಅವನ ಚುಕ್ಕಿ.

"ಪುಟ್ಟಿ! ನನ್ನ ಚುಕ್ಕಿಗೆ ಸುತ್ತ ಗೆರೆ ಹಾಕಿದೀಯಲ್ಲೇ!" ಅವನ ಮುಖ ಅರಳಿತು. "ನೋಡೇ ಇಲ್ಲಿ, ಬೇರೆ ಯಾರಿಗೂ ಹಾಕಿಲ್ಲ."

ನಾದಿನಿ ಕೆಳತುಟಿ ಕಚ್ಚಿಕೊಂಡಳು. "ಅಣ್ಣ, ಇದನ್ನ ನಾವು ಕಣ್ಣು ಅಂತೀವಿ. ಸುತ್ತ ಇರೋ ಊರಿಗೆಲ್ಲ ಮಳೆ ಮೊದಲಿನ ಹಾಗೇ ಇದೆ. ನಡುವೆ ನಮ್ಮೂರು ಒಂದಕ್ಕೇ ಕಮ್ಮಿಯಾಗ್ತಾ ಬಂದಿದೆ. ಬೆಟ್ಟ ಇಲ್ಲ, ಕಣಿವೆ ಇಲ್ಲ. ಬಯಲು ನೆಲದಲ್ಲಿ ಮೋಡ ನಮ್ಮೂರು ಒಂದನ್ನೇ ಬಿಟ್ಟು ದಾಟಿ ಹೋಗುತ್ತಾ?"

"ಅಂದ್ರೆ?"

"ಅಂದ್ರೆ ಅಳತೇಲಿ ಏನೋ ಆಗಿದೆ."

ಮಿಲಿಮೀಟರ್ ಕನ್ನಡಕ ತೆಗೆದ. "ನಾನು ಸುಳ್ಳು ಬರೆದೆ ಅಂತೀಯಾ?"

"ನೀನು ಸುಳ್ಳು ಬರೆದೆ ಅಂತ ಜಗತ್ತೇ ಹೇಳಿದ್ರೂ ನಾನು ನಂಬಲ್ಲ. ಅದಕ್ಕೇ ಬಂದಿದೀನಿ. ಕಚೇರಿಲಿ ಎರಡೇ ದಾರಿ ಅಂತಿದಾರೆ. ಕಣ್ಣನ್ನ ಹಾಗೇ ಅಚ್ಚು ಹಾಕೋದು. ಹಾಕಿದ್ರೆ ನಮ್ಮೂರಿಗೆ ಮಳೆನೇ ಕಮ್ಮಿ ಅಂತ ಹೊಸ ರಸ್ತೆಗೆ ಸಣ್ಣ ಮೋರಿ ಕಟ್ತಾರೆ. ಇಲ್ಲ ಅಂದ್ರೆ..." ಅವಳು ನಿಲ್ಲಿಸಿದಳು.

"ಇಲ್ಲ ಅಂದ್ರೆ ಏನು, ಹೇಳೇ."

"ಚುಕ್ಕಿನೇ ತೆಗೆದುಬಿಡೋದು. ನಿನ್ನ ಅಷ್ಟೂ ವರ್ಷದ ಅಂಕಿನ ಪಕ್ಕಕ್ಕಿಡೋದು."

ಅತ್ತಿಗೆ ಗಂಡನ ಮುಖ ನೋಡಲಾರದೆ ಲೋಟ ಎತ್ತಿಕೊಂಡಳು. ನಕ್ಷೆಯ ಒಂದು ಮೂಲೆ ಸುರುಳಿ ಸುತ್ತಿಕೊಂಡಿತು.

ನಾದಿನಿ ಎದ್ದು ಬಯಲಿಗೆ ನಡೆದಳು. ಹಿಂದೆಯೇ ಇಬ್ಬರೂ ಹೋದರು. ಅವಳು ತಡಿಕೆ ಸರಿಸಿ ಒಳಗೆ ಹೋಗಿ, ಮೊದಲ ದಿನ ಕುಳಿತಿದ್ದ ಹಾಗೇ ಮಂಡಿಯೂರಿ, ಡಬ್ಬದ ಬಾಯಿಯ ಮಟ್ಟಕ್ಕೆ ಕೆನ್ನೆ ತಂದು ಆಕಾಶ ನೋಡಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಅತ್ತಿಗೆ, ಇಲ್ಲಿ ಬನ್ನಿ. ನನ್ನ ಹಾಗೇ ನೋಡಿ."

ಅತ್ತಿಗೆ ಸೆರಗು ಸಿಕ್ಕಿಸಿ ಕಷ್ಟಪಟ್ಟು ಕುಳಿತಳು. ಡಬ್ಬದ ಬಾಯಿಂದ ನೋಡಿದರೆ ಆಕಾಶ ಎಲ್ಲಿದೆ? ಮೂರು ಕಡೆಯೂ ಎಲೆ, ಕೆಂಪು ಹೂವು, ಮತ್ತೆ ಎಲೆ. ತಲೆಯ ಮೇಲೆ ಒಂದು ತುಂಡು ಆಕಾಶವಿತ್ತು ಅಷ್ಟೇ. ಗಾಳಿ ಬಂದು ಮಳೆ ಓರೆಯಾಗಿ ಬಿದ್ದರೆ ಅದು ದಾಸವಾಳಕ್ಕೆ ಬೀಳುತ್ತಿತ್ತೇ ಹೊರತು ಡಬ್ಬಕ್ಕಲ್ಲ.

"ನಾನು ನೆಟ್ಟಿದ್ದು," ಎಂದಳು ಅತ್ತಿಗೆ.

"ನೀವು ನೆಡದಿದ್ರೆ ಆಡು ತಿವಿಯೋದು. ನಾನೂ ಇಲ್ಲೇ ಕೂತು ಎಷ್ಟು ಸಲ ಕಾಫಿ ಕುಡಿದಿಲ್ಲ? ಊರೂರಿನ ಡಬ್ಬದ ಲೆಕ್ಕ ತೆಗೆದೆ. ಇಲ್ಲಿಗೆ ಬರುವಾಗ ಮಾತ್ರ ಮನೆಮಗಳಾಗಿ ಬರ್ತಿದ್ದೆ. ಬೇಲಿ ಚೆಂದ ಇದೆ ಅಂತಷ್ಟೇ ಕಾಣ್ತಿತ್ತು."

ಹಿಂದಿನಿಂದ ಸರಕ್ ಎಂದು ಸದ್ದಾಯಿತು. ಮಿಲಿಮೀಟರ್ ಪಂಪ್‌ಹೌಸಿನಿಂದ ಕುಡುಗೋಲು ತಂದಿದ್ದ. ಮೊದಲ ರೆಂಬೆ ಆಗಲೇ ನೆಲಕ್ಕೆ ಬಿದ್ದಿತ್ತು.

"ಅಣ್ಣ, ನಿಲ್ಲಿಸು!"

"ಏನು ನಿಲ್ಲಿಸೋದು? ಬುಡ ಸಮೇತ ಕಿತ್ತು ಹಾಕ್ತೀನಿ ಇವತ್ತು. ನನ್ನ ಮಳೆನೆಲ್ಲ ಕುಡಿದು ಹೂ ಬಿಟ್ಟಿದೆ ಇದು!"

ನಾದಿನಿ ಎದ್ದವಳೇ ಬೇಲಿಗೂ ಅವನಿಗೂ ನಡುವೆ ನಿಂತಳು. ಎಲೆಗಳಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ. "ಇನ್ನೊಂದು ಕಡ್ಡಿ ಕಡಿದ್ರೆ ನಿನ್ನ ಅಷ್ಟೂ ವರ್ಷನ ನೀನೇ ಕಡಿದ ಹಾಗೆ."

"ತಪ್ಪು ಮಾಡಿರೋದು ಬೇಲಿ. ಬೇಲಿ ತೆಗೆದ್ರೆ ಸರಿ ಹೋಗುತ್ತೆ."

"ನಾಳೆಯಿಂದ ಸರಿ ಹೋಗುತ್ತೆ. ನಿನ್ನೆವರೆಗಿಂದು? ಬೇಲಿ ಎಷ್ಟು ಮಳೆ ತಡೀತು ಅಂತ ಬೇಲಿ ಇದ್ದಾಗ ತಾನೇ ಅಳೆಯೋಕಾಗೋದು? ಇದನ್ನ ಕಿತ್ತರೆ ಯಾರನ್ನ ಹೋಗಿ ಕೇಳ್ಲಿ? ಅಣ್ಣ, ಇದು ಹೀಗೇ ಇರ್ಲಿ. ಅಲ್ಲಿ ಬಯಲ ನಡುವೆ ಇನ್ನೊಂದು ಡಬ್ಬ ಹೂಳ್ತೀನಿ. ಎರಡನ್ನೂ ದಿನಾ ಅಳೆ. ಅದರಲ್ಲಿ ಎಷ್ಟು, ಇದರಲ್ಲಿ ಎಷ್ಟು ಅಂತ ಒಂದು ಮಳೆಗಾಲ ಪೂರ್ತಿ ನೋಡೋಣ."

"ದಿನಾ ಬೆಳಗ್ಗೆ ಎದ್ದು ನಾನು ಎಷ್ಟು ತಪ್ಪು ಮಾಡಿದೆ ಅಂತ ನಾನೇ ಅಳೆದು ಬರೀಬೇಕು. ಅಷ್ಟೇ ತಾನೇ?"

"ಅಷ್ಟೇ," ಎಂದಳು ನಾದಿನಿ. ಮೆತ್ತಗೆ ಮಾಡಿ ಹೇಳಲಿಲ್ಲ. ಕೈಯನ್ನೂ ಇಳಿಸಲಿಲ್ಲ.

ಮಿಲಿಮೀಟರ್ ಕುಡುಗೋಲು ಎಸೆದು ಪಂಪ್‌ಹೌಸಿಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರನೆಯ ದಿನ ನಾದಿನಿ ಅಲ್ಲಿಂದಲೇ ತನ್ನ ವಿಭಾಗದ ಮುಖ್ಯಸ್ಥರಿಗೆ ಫೋನು ಮಾಡಿದಳು. ಅತ್ತಿಗೆ ತರಕಾರಿ ಹೆಚ್ಚುತ್ತಾ ಕಿವಿ ಅತ್ತಲೇ ಇಟ್ಟಿದ್ದಳು. ಮುಖ್ಯಸ್ಥರು ಕೆಟ್ಟವರಲ್ಲ, ಬೇಲಿಯ ಕಥೆ ಕೇಳಿ, ಇರಬಹುದು, ಬೇರೆ ಕಡೆಯೂ ಹೀಗಾದದ್ದುಂಟು, ಆದರೆ ಅಚ್ಚಿನ ದಿನ ಗೊತ್ತಾಗಿದೆ, ಚುಕ್ಕಿ ತೆಗೆದುಬಿಡು ಎಂದರು. ನಾದಿನಿ ಜಗ್ಗಲಿಲ್ಲ.

"ತೆಗೆಯಲ್ಲ ಸಾರ್. ಕಣ್ಣನ್ನೂ ಹಾಕಲ್ಲ. ಆ ಜಾಗದಲ್ಲಿ ಗೆರೆನ ತುಂಡು ತುಂಡಾಗಿ ಎಳೀತೀನಿ. ಇಲ್ಲಿ ನಮಗೆ ಇನ್ನೂ ಖಚಿತ ಇಲ್ಲ ಅಂತ. ನಿಜ ಅದೇ ತಾನೇ?... ಹೌದು ಸಾರ್, ನೋಡೋಕೆ ಚೆನ್ನಾಗಿರಲ್ಲ... ಸಹಿ ನಾನೇ ಹಾಕ್ತೀನಿ... ನಮ್ಮಣ್ಣ ಆಗಿದ್ದಕ್ಕೆ ಅಂತ ಯಾರಾದ್ರೂ ಅಂದ್ರೆ ಅನ್ಲಿ ಸಾರ್. ಮೂರು ಮಳೆಗಾಲ ಕೊಡಿ. ಲೆಕ್ಕ ತೋರಿಸೋಕಾಗದಿದ್ರೆ ನಾನೇ ರಬ್ಬರ್ ತಗೊಂಡು ಚುಕ್ಕಿ ಅಳಿಸ್ತೀನಿ."

ಫೋನು ಇಟ್ಟ ಮೇಲೆ ಅವಳು ಬಂದು ಅತ್ತಿಗೆಯ ಪಕ್ಕ ಕುಳಿತಳು. ಅತ್ತಿಗೆ ಒಂದು ಕ್ಯಾರೆಟ್ ಚೂರು ಅವಳ ಬಾಯಿಗೆ ತುರುಕಿದಳು.

ಎರಡನೆಯ ಡಬ್ಬ ಬಂತು. ಬಯಲ ನಡುವೆ, ಯಾವ ಗಿಡ ಗೋಡೆಯ ಹಂಗೂ ಇಲ್ಲದ ಕಡೆ ಹೂತರು. ಆಡಿಗೆಂದು ಸುತ್ತ ಗಿಡ್ಡನೆಯ ತಂತಿಯ ಬಲೆ. ಮಳೆ ಹಿಡಿಯಿತು. ಮೊದಲ ಬೆಳಗ್ಗೆ ಮಿಲಿಮೀಟರ್ ಎಂದಿನಂತೆ ಹಳೆಯ ಡಬ್ಬ ಅಳೆದು ಒಳಗೆ ಬಂದ. ಹೊಸದರ ಕಡೆ ಮುಖವನ್ನೂ ತಿರುಗಿಸಲಿಲ್ಲ.

"ಅದು?" ಎಂದಳು ಅತ್ತಿಗೆ.

"ಅದನ್ನ ಬೇಕಾದವರು ಅಳೀಲಿ."

ಅತ್ತಿಗೆ ಒಲೆ ಆರಿಸಿದಳು. ಲೋಟ ತೆಗೆದುಕೊಂಡು ಹೊಸ ಡಬ್ಬಕ್ಕೆ ಹೋದಳು. ಇಷ್ಟು ವರ್ಷ ಈ ಮನೆಯಲ್ಲಿ ಬಾಳಿದವಳು, ಒಂದು ಸಲವೂ ಅಳೆದವಳಲ್ಲ. ನೀರು ಹೊಯ್ದಳು. ಲೋಟ ಎತ್ತಿದಳು. ನೀರು ಅಲ್ಲಾಡಿತು. ಉಸಿರು ಹಿಡಿದಳು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದ್ದರೆ ಅವಳೂ ತಿರುಗಿ ನೋಡುತ್ತಿರಲಿಲ್ಲ. ಮೊದಲ ದಿನ ಟ್ರಂಕು ಹಿಡಿದು ನಿಂತಿದ್ದಾಗ ಬಂದಿದ್ದ ಸಿಟ್ಟು ಇವತ್ತು ಪೂರ್ತಿ ಇಳಿಯಿತು.

ಒಳಗೆ ಬಂದು ತನ್ನ ಅಂಕಿ ಹೇಳಿದಳು. ಮಿಲಿಮೀಟರ್ ತಾನು ಬರೆದಿಟ್ಟದ್ದನ್ನು ತೆಗೆದು ನೋಡಿದ. ಅವನದು ಅದಕ್ಕಿಂತ ಬಹಳ ಕಡಿಮೆಯಿತ್ತು.

ವಾರಗಳು ಹೋದ ಹಾಗೆ ಅದೂ ಒಂದು ಆಟವಾಯಿತು. ಬೆಳಗ್ಗೆ ಇಬ್ಬರೂ ಎರಡು ಡಬ್ಬಕ್ಕೆ ಹೋಗುವರು, ಅಡುಗೆಮನೆಯಲ್ಲಿ ಸೇರುವರು. "ನಿಮಗೆಷ್ಟು?" "ನೀನು ಮೊದಲು ಹೇಳು." ಹಾಲಿನವನು ಗೇಟಿನಾಚೆಯಿಂದ, "ಏನ್ ಮಿಲಿಮೀಟರ್, ಅಮ್ಮಾವ್ರಿಗೆ ಜಾಸ್ತಿ ಮಳೆ ಕೊಡ್ತಿದಾನಂತೆ ದೇವರು?" ಎಂದು ಛೇಡಿಸಿದರೆ, "ಅವಳದ್ದು ಬಯಲು, ನನ್ನದು ಕಾಡು," ಎಂದು ಇವನೇ ನಗುವ ಮಟ್ಟಕ್ಕೆ ಬಂದ. ಆಮೇಲೆ ಒಂದು ದಿನ, ಮಳೆ ನೆಟ್ಟಗೆ ಸುರಿದ ದಿನ, ಎರಡರಲ್ಲೂ ಒಂದೇ ಅಂಕಿ ಬಂತು. ಗಾಳಿ ಬೀಸಿದ ದಿನ ಮಾತ್ರ ಅವನದು ಕಡಿಮೆ. ಅವನು ಆ ಲೋಟವನ್ನು ಹಿಡಿದುಕೊಂಡೇ ನಿಂತ.

"ನನ್ನ ಕಣ್ಣು ಸರಿಯಾಗೇ ಇತ್ತು ಕಣೇ," ಎಂದ.

"ಅದು ನಮಗೆ ಗೊತ್ತಿತ್ತು," ಎಂದಳು ಅತ್ತಿಗೆ. "ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ."

ಅವತ್ತು ಸಂಜೆ ತಂಗಿಗೆ ಅವನೇ ಫೋನು ಮಾಡಿ, ಗಾಳಿ ಯಾವ ದಿಕ್ಕಿನಿಂದ ಬಂತು ಎಂಬುದನ್ನೂ ಬರೆಯಲೇ ಎಂದು ಕೇಳಿದ.

ಆದರೆ ನಾದಿನಿಗೆ ಇನ್ನೊಂದು ತೊಡಕಿತ್ತು. ಈಗಿನ ಬೇಲಿ ಎಷ್ಟು ತಡೆಯುತ್ತದೆ ಎಂಬುದು ಗೊತ್ತಾಯಿತು; ಬೇಲಿ ಸೊಂಟದ ಮಟ್ಟಕ್ಕಿದ್ದ ವರ್ಷ ಎಷ್ಟು ತಡೆದಿತ್ತು? ಅದಕ್ಕೆಂದು ಪ್ರತಿ ಮಳೆಗಾಲ ಮುಗಿದ ಮೇಲೆ ಬೇಲಿಯನ್ನು ಒಂದೊಂದು ಮಟ್ಟ ಇಳಿಸುವುದೆಂದು ತೀರ್ಮಾನಿಸಿದಳು. ಮುಂದಿನ ಮಳೆಗಾಲಕ್ಕೆ ಎದೆಯುದ್ದ, ಅದರ ಮುಂದಿನದಕ್ಕೆ ಸೊಂಟದುದ್ದ. ಕುಡುಗೋಲು ಕೊನೆಗೂ ಮಿಲಿಮೀಟರ್ ಕೈಗೇ ಬಂತು. ಅವನು ದಾರ ಕಟ್ಟಿ, ಮಟ್ಟ ನೋಡಿ, ಕ್ಷೌರದವನಿಗಿಂತ ನಾಜೂಕಾಗಿ ಕತ್ತರಿಸಿದ. ಆದರೂ ಯಾವ ವರ್ಷ ಬೇಲಿ ಎಷ್ಟೆತ್ತರವಿತ್ತು ಎಂದು ಹೇಳುವವರು ಯಾರು? ಅತ್ತಿಗೆಯನ್ನು ಕೇಳಿದರೆ, "ಇಷ್ಟಿತ್ತು," ಎಂದು ಗಾಳಿಯಲ್ಲಿ ಕೈ ತೋರಿಸುವಳು. ಮರುದಿನ ಕೇಳಿದರೆ ಕೈ ಒಂದು ಗೇಣು ಮೇಲೆ ಹೋಗಿರುತ್ತಿತ್ತು.

ಮಗಳು ರಜಕ್ಕೆ ಬಂದಾಗ ಅತ್ತೆಯ ಈ ಪಾಡು ನೋಡಿ ನಕ್ಕಳು. "ಅತ್ತೆ, ನನ್ನ ಫೋಟೊ ಇವೆಯಲ್ಲ."

ಕಪಾಟಿನಿಂದ ಫೋಟೊಗಳು ಇಳಿದವು. ಒಂದೊಂದು ವರ್ಷದ ಶಾಲೆಯ ಮೊದಲ ದಿನ. ಮೊದಲನೆಯದರಲ್ಲಿ ಬೇಲಿ ಅವಳ ಸೊಂಟಕ್ಕಿತ್ತು. ಮುಂದಿನದರಲ್ಲಿ ಭುಜಕ್ಕೆ. ಇನ್ನೊಂದರಲ್ಲಿ ಹಲ್ಲು ಬಿದ್ದ ಬಾಯಿ ತೆರೆದು ನಿಂತವಳ ತಲೆಗೆ ಸರಿಸಮ. ಆಮೇಲೆ ಬೇಲಿಯೇ ಗೆದ್ದಿತ್ತು.

"ನೀನು ಎಷ್ಟೆತ್ತರ ಇದ್ದೆ ಅಂತ ಗೊತ್ತಿದ್ರೆ..." ಎಂದ ನಾದಿನಿ ಮಾತು ಮುಗಿಸಲಿಲ್ಲ. ಮೂವರೂ ಒಟ್ಟಿಗೆ ಬಾಗಿಲ ಚೌಕಟ್ಟಿನ ಕಡೆ ತಿರುಗಿದರು. ಅಲ್ಲಿ ಒಂದರ ಮೇಲೊಂದು ಗೆರೆಗಳು, ಪಕ್ಕದಲ್ಲಿ ವರ್ಷ, ಎತ್ತರ. ಹಿಮ್ಮಡಿ ಎತ್ತಲು ಬಿಡದೆ, ಸ್ಕೇಲು ಇಟ್ಟು, ಮಿಲಿಮೀಟರಿನವರೆಗೆ.

ಪಂಪ್‌ಹೌಸಿನಿಂದ ಕೈ ಒರೆಸಿಕೊಂಡು ಬಂದ ಮಿಲಿಮೀಟರ್, ಮೂರು ಹೆಂಗಸರೂ ಬಾಗಿಲಿಗೆ ಮುತ್ತಿಕೊಂಡಿರುವುದು ನೋಡಿ ಗಾಬರಿಯಾದ. "ಯಾಕೆ, ಗೆದ್ದಲು ಹಿಡಿದಿದೆಯಾ?"

"ಇಲ್ಲ ಅಣ್ಣ," ಎಂದಳು ನಾದಿನಿ. ಅವಳ ಕಣ್ಣು ತುಂಬಿತ್ತು. "ನಿನ್ನ ಲೆಕ್ಕ ಸಿಕ್ತು."

ಮಗಳು ಶಾಲೆ ಬಿಟ್ಟ ಮೇಲಿನ ವರ್ಷಗಳದ್ದು ಕಷ್ಟವಾಗಲಿಲ್ಲ. ಮೇಲೆ ಕರೆಂಟಿನ ತಂತಿ ಇದ್ದುದರಿಂದ ಬೇಲಿಯನ್ನು ಅದಕ್ಕಿಂತ ಮೇಲೆ ಬೆಳೆಯಲು ಮಿಲಿಮೀಟರ್ ಬಿಟ್ಟಿರಲೇ ಇಲ್ಲ.

ಮೂರನೆಯ ಮಳೆಗಾಲವೂ ಮುಗಿಯಿತು. ಸೊಂಟದುದ್ದದ ಬೇಲಿಯನ್ನೂ ಕತ್ತರಿಸಿದ ಮೇಲೆ ಬುಡ ಮಾತ್ರ ಉಳಿದಿತ್ತು. ಅತ್ತಿಗೆ ಕಡ್ಡಿಗಳನ್ನು ಎತ್ತಿ ಮನೆಯ ಹಿಂದೆ, ಯಾವ ಡಬ್ಬಕ್ಕೂ ಸಂಬಂಧವಿಲ್ಲದ ಕಡೆ ನೆಟ್ಟಳು. ನಾದಿನಿ ಒಂದೊಂದು ವರ್ಷಕ್ಕೂ ಬೇಲಿ ತಡೆದದ್ದನ್ನು ಕೂಡಿಸಿ ಸರಾಸರಿಯನ್ನು ಹೊಸದಾಗಿ ತೆಗೆದಳು. ಮುಖ್ಯಸ್ಥರ ಮುಂದೆ ಇಟ್ಟಳು. ಅವರು ಮೂರು ದಿನ ಇಟ್ಟುಕೊಂಡು, ಎರಡು ಕಡೆ ಪ್ರಶ್ನೆ ಹಾಕಿ, ಒಂದು ಕಡೆ ಅವಳು ನಿಜವಾಗಿಯೂ ತಪ್ಪಿದ್ದನ್ನು ತಿದ್ದಿಸಿ, ಸಹಿ ಹಾಕಿದರು.

ತಿದ್ದಿದ ನಕ್ಷೆ ತಂದು ಅದೇ ನೆಲದ ಮೇಲೆ ಹಾಸಿದಳು. ಉಂಗುರ ಇರಲಿಲ್ಲ. ತುಂಡು ಗೆರೆ ಕೂಡಿಕೊಂಡು ಒಂದಾಗಿತ್ತು. ಆದರೆ ಮಿಲಿಮೀಟರ್‌ನ ಚುಕ್ಕಿಯ ಹತ್ತಿರ ಬಂದಾಗ ಗೆರೆ ಸ್ವಲ್ಪ ಒಳಕ್ಕೆ ಬಾಗಿತ್ತು.

ಅವನು ಅದನ್ನು ಬೆರಳಿನಿಂದ ಸವರಿದ. "ಇದೇನು, ಇನ್ನೂ ಡೊಂಕು?"

"ಬೇಲಿದೆಲ್ಲ ಕಳೆದ ಮೇಲೂ ಅಷ್ಟು ಉಳೀತು. ಮಳೆ ಸ್ವಲ್ಪ ಕಮ್ಮಿ ಆಗಿರೋದು ನಿಜ ಅಣ್ಣ. ಊರಿಂದ ಊರಿಗೆ ಅಷ್ಟು ವ್ಯತ್ಯಾಸ ಬಯಲು ನೆಲದಲ್ಲೂ ಇರುತ್ತೆ. ನೆಟ್ಟಗೆ ಎಳೆದುಬಿಡು ಅಂತ ಒಬ್ಬಿಬ್ಬರು ಅಂದ್ರು. ಎಳೀಲಿಲ್ಲ."

"ಎಳೀಬೇಡ," ಎಂದ ಅವನು. "ನಾನು ಕಂಡಿದ್ದು ಅಷ್ಟಾದ್ರೂ ನಿಜ ಇತ್ತಲ್ಲ." ಆಮೇಲೆ, "ಮೋರಿಗೆ ಸಾಕಾಗುತ್ತೇನು?" ಎಂದು ಕೇಳಿದ.

"ದೊಡ್ಡ ಮೋರಿನೇ ಬರುತ್ತೆ."

ಅವನು ಗೋಡೆಯ ಹಳೆಯ ನಕ್ಷೆ ಇಳಿಸಿ ಇದನ್ನು ಹಾಕಿದ. ಚುಕ್ಕಿ ಇದ್ದಲ್ಲೇ ಇತ್ತು.

ಈಗ ನಾದಿನಿ ನಕ್ಷೆ ವಿಭಾಗದಲ್ಲೇ ಇದ್ದಾಳೆ, ಆದರೆ ಮೇಜಿನ ಮುಂದೆ ಸಿಗುವುದು ಅಪರೂಪ. ನಕ್ಷೆಯಲ್ಲಿ ಕಣ್ಣು ಮೂಡಿದ ಊರುಗಳಿಗೆಲ್ಲ ಬಸ್ಸು ಹತ್ತಿ ಹೋಗುತ್ತಾಳೆ. ಮಳೆಮಾಪಕದ ಮುಂದೆ ಮಂಡಿಯೂರಿ ಅದರ ಬಾಯಿಂದ ಆಕಾಶ ನೋಡುತ್ತಾಳೆ. ಗೋಡೆ, ಗಿಡ, ಹೊಸ ಮಹಡಿ, ಏನು ಕಂಡರೂ ಅದರ ಫೋಟೊ ತೆಗೆಯುತ್ತಾಳೆ. ಯಾವುದನ್ನೂ ಕಡಿಯಬೇಡಿ ಎಂದು ಅಳೆಯುವವರಿಗೆ ಹೇಳಿ, ಬಯಲಿನಲ್ಲಿ ಎರಡನೆಯ ಡಬ್ಬ ಹೂಳಿಸಿ, ಮುಂದಿನ ಊರಿನ ಬಸ್ಸು ಹಿಡಿಯುತ್ತಾಳೆ.